ರೂವಾರಿಯ ಹೆಸರು, ಫಾಂಟಿನ ಷರತ್ತು

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಲ್ಲಿ ಇವತ್ತು ಕನ್ನಡ ತೋರಿಸುವ ಯಾವ ಆಂಡ್ರಾಯ್ಡ್ ಫೋನನ್ನು ಕೈಗೆತ್ತಿಕೊಂಡರೂ ಅದರೊಳಗೆ ಒಂದು ಉದ್ದನೆಯ ಪುಟ ಅಡಗಿರುತ್ತದೆ. ಸೆಟ್ಟಿಂಗ್ಸ್ ತೆರೆದು, ಕೊನೆಯಲ್ಲಿರುವ ಫೋನಿನ ವಿವರಗಳಿಗೆ ಇಳಿದು, ಕಾನೂನು ಮಾಹಿತಿ ಎಂಬಲ್ಲಿ ಒತ್ತಿದರೆ ಅದು ಸಿಗುತ್ತದೆ. ಬೆರಳು ಸೋಲುವವರೆಗೆ ಸರಿಸಿದರೂ ಮುಗಿಯದ ಪುಟ. ಫೋನಿನ ತಂತ್ರಾಂಶ ಎಷ್ಟು ಬಿಡಿಭಾಗಗಳಿಂದ ಕೂಡಿದೆಯೋ ಅಷ್ಟರ ಹೆಸರು, ಪ್ರತಿಯೊಂದನ್ನೂ ಬರೆದವರ ಹಕ್ಕುಸ್ವಾಮ್ಯದ ಸಾಲು, ಯಾವ ಷರತ್ತಿನ ಮೇಲೆ ಅದನ್ನು ಬಳಸಬಹುದು ಎಂಬ ಪರವಾನಗಿ, ಎಲ್ಲವೂ ಅಲ್ಲಿವೆ. ಕಕಾರಕ್ಕೆ ಷಕಾರದ ಒತ್ತು ಕೊಟ್ಟು ‘ಕ್ಷ’ ಮಾಡಿ ಪರದೆಯ ಮೇಲೆ ಕೂರಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶಕ್ಕೂ, ಆ ಅಕ್ಷರದ ಆಕಾರವನ್ನು ಕೊಡುವ ನೋಟೋ ಫಾಂಟಿಗೂ ಅಲ್ಲಿ ಜಾಗವಿದೆ.

ಈ ಪುಟವನ್ನು ಯಾರೋ ಸೌಜನ್ಯಕ್ಕೆಂದು ಹಾಕಿದ್ದಲ್ಲ. ಹಾರ್ಫ್‌ಬಜ್ ಆಗಲಿ, ಅದರಂಥ ಸಾವಿರಾರು ಮುಕ್ತ ತಂತ್ರಾಂಶಗಳಾಗಲಿ ಹಣ ಕೇಳುವುದಿಲ್ಲ. ಅವು ಮೊದಲು ಕೇಳುವುದು ಇದನ್ನು: ನಮ್ಮ ಹೆಸರನ್ನೂ ನಮ್ಮ ಷರತ್ತನ್ನೂ ಪ್ರತಿಯೊಂದು ಪ್ರತಿಯ ಜೊತೆ ಕಳಿಸಿ. ಮಾಡಿದವರ ಹೆಸರು, ಬಳಸುವವರ ಹೊಣೆ ಎರಡೂ ವಸ್ತುವಿನ ಒಳಗೇ ಪ್ರಯಾಣ ಮಾಡಬೇಕೆಂಬ ಈ ಪದ್ಧತಿ ಕಂಪ್ಯೂಟರಿನ ಜೊತೆ ಹುಟ್ಟಿದ್ದೆಂದು ಬಹಳ ಜನ ತಿಳಿದಿದ್ದಾರೆ. ಹೊನ್ನಾಳಿ, ಚನ್ನಗಿರಿ, ನ್ಯಾಮತಿಯ ಸುತ್ತಮುತ್ತ ಹೊಲದ ಬದುವಿನಲ್ಲೂ ಗುಡಿಯ ಅಂಗಳದಲ್ಲೂ ನಿಂತ ಕಲ್ಲುಗಳನ್ನು ಓದಿದವರು ಹಾಗೆ ಹೇಳಲಾರರು.

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟ ಹೊರಬಂದದ್ದು 1902ರಲ್ಲಿ. ಆಗ ಹೊನ್ನಾಳಿಯೂ ಚನ್ನಗಿರಿಯೂ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು. ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ, ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಆ ಒಂದೇ ಸಂಪುಟದಲ್ಲಿವೆ. ನ್ಯಾಮತಿ ಬಳಿಯ ಬೆಳಗುತ್ತಿಯಿಂದ ಆಳಿದ ಸಿಂದರ ಕಾಲದ ದಾನಶಾಸನಗಳೂ ಹೊನ್ನಾಳಿ ತಾಲ್ಲೂಕಿನ ಭಾಗದಲ್ಲಿ ಬರುತ್ತವೆ.

ದಾನಶಾಸನದ ಕಟ್ಟು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮೊದಲು ರಾಜನ ಹೊಗಳಿಕೆ. ಆಮೇಲೆ ಯಾರು, ಯಾರಿಗೆ, ಯಾವ ತಿಥಿಯಲ್ಲಿ, ಎಷ್ಟು ಭೂಮಿ ಬಿಟ್ಟರು ಎಂಬ ವಿವರ. ಅದರ ನಾಲ್ಕೂ ಗಡಿ: ಮೂಡಲಿಗೆ ಕೆರೆಯ ಏರಿ, ತೆಂಕಲಿಗೆ ಹುಣಸೆಮರ ಎಂಬಂತೆ. ಆ ಭೂಮಿಯ ಆದಾಯ ದೇವರ ದೀಪಕ್ಕೋ ಮಠದ ಅನ್ನದಾನಕ್ಕೋ ಕೆರೆಯ ರಿಪೇರಿಗೋ ಎಂಬ ಷರತ್ತು. ಬಳಿಕ ಶಾಪಾಶಯ: ಇದನ್ನು ಕಾಪಾಡಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ದಾನ ಕೊಟ್ಟ ಪುಣ್ಯ, ಅಳಿಸಿದವರಿಗೆ ಅದೇ ಕ್ಷೇತ್ರದಲ್ಲಿ ಅವನ್ನು ಕೊಂದ ಪಾಪ. ಹಲವು ಶಾಸನಗಳಲ್ಲಿ ಕಟ್ಟಕಡೆಗೆ ಬರೆದವನ ಹೆಸರು, ಕಂಡರಿಸಿದವನ ಹೆಸರು. ದಾನದ ಪತ್ರ ಅರಮನೆಯಲ್ಲಿ ಉಳಿದು ಭೂಮಿ ಊರಲ್ಲಿ ಉಳಿದರೆ ನಡುವೆ ಬರುವ ಅಧಿಕಾರಿ ಏನಾದರೂ ಹೇಳಬಹುದು. ಷರತ್ತು ಭೂಮಿಯ ಮೇಲೆಯೇ ನಿಂತಿದ್ದರೆ ಅದಕ್ಕೆ ಎಡೆಯಿಲ್ಲ.

ಹೊಗಳಿಕೆ ಮತ್ತು ಶಾಪದ ಶ್ಲೋಕಗಳು ಬಹಳ ಸಲ ಸಂಸ್ಕೃತದಲ್ಲಿವೆ. ಭೂಮಿಯ ಅಳತೆ, ಗಡಿ, ಷರತ್ತುಗಳು ಕನ್ನಡದಲ್ಲಿವೆ. ಯಾರು ಆ ಷರತ್ತಿನಂತೆ ನಡೆಯಬೇಕೋ ಅವರಿಗೆ ಅದು ತಿಳಿಯಬೇಕಿತ್ತು.

ಹೊನ್ನಾಳಿಗೆ ತಾಗಿದ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬ ಇನ್ನೂ ಹಳೆಯದು, ಐದನೆಯ ಶತಮಾನದ್ದು. ಕದಂಬರ ವಂಶವನ್ನು ಹೇಳುವ ಆ ಸಂಸ್ಕೃತ ಕಾವ್ಯವನ್ನು ರಚಿಸಿದ ಕುಬ್ಜ, ತಾನೇ ಅದನ್ನು ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ಅದೇ ತಾಲ್ಲೂಕಿನ ಬಳ್ಳಿಗಾವೆಯಿಂದ ಹೊರಟ ದಾಸೋಜ, ಅವನ ಮಗ ಚಾವಣ ಇಬ್ಬರೂ ಬೇಲೂರಿಗೆ ಹೋಗಿ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದರು. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಮದನಿಕೆಗಳಲ್ಲಿ ಕೆಲವು ತಂದೆಯವು, ಕೆಲವು ಮಗನವು. ಯಾವುದು ಯಾರದೆಂದು ನಮಗೆ ತಿಳಿದದ್ದು ವಿಗ್ರಹದ ಮೇಲೆಯೇ ಅವರು ಹೆಸರು ಕೆತ್ತಿದ್ದರಿಂದ.

ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಇಡೀ ಗುಡಿಗೆ ಒಬ್ಬ ರಾಜನ ಶಾಸನ ಇದ್ದೇ ಇದೆ. ವಿಷ್ಣುವರ್ಧನ ಕಟ್ಟಿಸಿದನೆಂದರೆ ಮೇಲ್ನೋಟಕ್ಕೆ ಸಾಕು. ಆದರೆ ಹೊಯ್ಸಳರ ಕಾಲದ ರೂವಾರಿಗಳು ಅಷ್ಟಕ್ಕೆ ಒಪ್ಪಲಿಲ್ಲ. ಹದಿಮೂರನೆಯ ಶತಮಾನದ ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯಲ್ಲಿ ಸಾಲಾಗಿ ನಿಂತ ಮೂರ್ತಿಗಳ ಪೀಠ ನೋಡಿದರೆ ಮಲ್ಲಿತಮ್ಮ, ಮಸಣತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ ಹೀಗೆ ಒಬ್ಬೊಬ್ಬರ ಹೆಸರೂ ಬರುತ್ತದೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲೂ ಇದೆ. ಕಟ್ಟಡ ಒಂದು, ಅದರ ಭಾಗಗಳು ನೂರು, ಹಲವು ಭಾಗಗಳ ಮೇಲೆ ಅವನ್ನು ಮಾಡಿದ ಕೈಯ ಗುರುತು. ಇಂದಿನ ತಂತ್ರಾಂಶ ಕಂಪನಿಗಳು ಪ್ರತಿ ಬಿಡಿಭಾಗಕ್ಕೂ ಹೆಸರು ಬರೆದಿಡಿ ಎಂದು ಎಂಜಿನಿಯರುಗಳಿಗೆ ಹೇಳಿ ಹೇಳಿ ಸೋಲುತ್ತಿರುವ ಕೆಲಸವನ್ನು ಆ ಕಾಲದ ಶಿಲ್ಪಿಗಳು ಹೆಮ್ಮೆಯಿಂದ ತಾವಾಗಿಯೇ ಮಾಡಿದ್ದರು.

ಅಚ್ಚಿನ ಕಾಲಕ್ಕೆ ಬಂದಾಗ ಹೆಮ್ಮೆಯ ಜಾಗಕ್ಕೆ ಕಾನೂನು ಬಂತು. ಬ್ರಿಟಿಷ್ ಇಂಡಿಯಾದ 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆ, ಅಚ್ಚಾದ ಪ್ರತಿಯೊಂದು ಪುಸ್ತಕ ಮತ್ತು ಪತ್ರಿಕೆಯ ಮೇಲೂ ಮುದ್ರಕನ ಹೆಸರು, ಮುದ್ರಣದ ಸ್ಥಳ, ಪ್ರಕಾಶಕನ ಹೆಸರು ಓದುವಂತೆ ಇರಬೇಕೆಂದು ವಿಧಿಸಿತು. 1841ರಲ್ಲಿ ಮಂಗಳೂರಲ್ಲಿ ಶುರುವಾಗಿ, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನೂ 1894ರಲ್ಲಿ ಕಿಟ್ಟೆಲರ ನಿಘಂಟನ್ನೂ ಅಚ್ಚು ಹಾಕಿದ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹಿಡಿದು ಊರೂರಿನ ಮೊಳೆ ಜೋಡಿಸುವ ಅಚ್ಚುಕೂಟಗಳವರೆಗೆ ಅದೇ ರೂಢಿ ಬೆಳೆಯಿತು. ಆ ಕಾಯ್ದೆಯ ಉದ್ದೇಶ ಕುಶಲಿಗೆ ಗೌರವ ಕೊಡುವುದಲ್ಲ, ಸರ್ಕಾರಕ್ಕೆ ಬೇಡದ್ದು ಅಚ್ಚಾದರೆ ಯಾರನ್ನು ಹಿಡಿಯಬೇಕೆಂದು ತಿಳಿಯುವುದು. ಆದರೂ ಪುಸ್ತಕದ ಎರಡನೆಯ ಪುಟದಲ್ಲಿ ಹಕ್ಕುಗಳ ವಿವರ ಹುಡುಕುವ ಅಭ್ಯಾಸ ಕನ್ನಡ ಓದುಗರಿಗೆ ಬಂದದ್ದು ಆ ದಾರಿಯಿಂದಲೇ. ಚುನಾವಣೆಯ ಕರಪತ್ರದ ತುದಿಯಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕೆಂದು 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು ಇವತ್ತಿಗೂ ಹೇಳುತ್ತದೆ. ಹೊನ್ನಾಳಿಯಲ್ಲಿ ಚುನಾವಣೆ ಬಂದಾಗ ಹಂಚುವ ಕರಪತ್ರಕ್ಕೂ ಅದೇ ನಿಯಮ.

ಕೊಂಡಿ ಕಳಚಿದ್ದು ಮೊಳೆಗಳು ಹೋಗಿ ಡಿಟಿಪಿ ಬಂದಾಗ.

ಸೀಸದ ಮೊಳೆಯನ್ನು ಕದ್ದರೆ ಕಳೆದುಕೊಂಡವನಿಗೆ ಗೊತ್ತಾಗುತ್ತದೆ. ಫಾಂಟಿನ ಫೈಲನ್ನು ಎಷ್ಟು ಜನ ನಕಲು ಮಾಡಿಕೊಂಡರೂ ಮೂಲ ಇದ್ದಲ್ಲೇ ಇರುತ್ತದೆ. 1990ರ ದಶಕದಲ್ಲಿ ಕನ್ನಡದ ಫಾಂಟುಗಳು ಫ್ಲಾಪಿಯಿಂದ ಫ್ಲಾಪಿಗೆ, ಆಮೇಲೆ ಸೀಡಿಯಿಂದ ಸೀಡಿಗೆ ಓಡಾಡಿದವು. ಮದುವೆ ಕರೆಯೋಲೆ, ಜಾತ್ರೆಯ ಪೋಸ್ಟರು, ಸಹಕಾರ ಸಂಘದ ವಾರ್ಷಿಕ ವರದಿ ಎಲ್ಲದರಲ್ಲೂ ಅವೇ ಅಕ್ಷರಗಳು. ಅವನ್ನು ಬಿಡಿಸಿದ ಕಲಾವಿದ ಯಾರು, ಬಳಸಲು ಅನುಮತಿ ಇದೆಯೇ, ತಿದ್ದಬಹುದೇ, ಇದನ್ನು ಕೇಳಿದವರು ಕಡಿಮೆ. ಕೇಳಿದರೂ ಫೈಲಿನೊಳಗೆ ಉತ್ತರ ಇರುವ ಖಾತ್ರಿಯಿರಲಿಲ್ಲ. ಭಾರತದ ಹಕ್ಕುಸ್ವಾಮ್ಯ ಕಾಯ್ದೆ 1984ರ ತಿದ್ದುಪಡಿಯಲ್ಲೇ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದು ಸೇರಿಸಿಕೊಂಡಿತ್ತು. ಕಾನೂನು ಪುಸ್ತಕದಲ್ಲಿತ್ತು, ಅಕ್ಷರ ಅಂಗಡಿಯಲ್ಲಿತ್ತು.

ಅದೇ ದಶಕದ ಕೊನೆಗೆ, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಎಂಬ ಕನ್ನಡ ತಂತ್ರಾಂಶ ಬಂತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತನ್ನ ಜೊತೆ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ತಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ಇವು ಕನ್ನಡಿಗರಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಪುಕ್ಕಟೆ ಸಿಗುವುದು ಬೇರೆ, ತಿದ್ದಿ ಹಂಚುವ ಹಕ್ಕು ಸಿಗುವುದು ಬೇರೆ. ಒಂದು ಒತ್ತಕ್ಷರ ತಪ್ಪಾಗಿ ಕೂತರೆ ಅದನ್ನು ಸರಿಪಡಿಸಿ ನೆರೆಯವರಿಗೆ ಕೊಡಲು ಬೇಕಾದದ್ದು ಎರಡನೆಯ ಹಕ್ಕು.

ಆ ಹಕ್ಕಿನ ಮಾತು ಬೆಂಗಳೂರಿನಲ್ಲಿ ಜೋರಾಗಿ ಕೇಳಿಸಿದ್ದು ಲಿನಕ್ಸ್ ಬಳಗಗಳಲ್ಲಿ. ಅತುಲ್ ಚಿಟ್ನಿಸ್ ಮುಂದಾಳಾಗಿದ್ದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ 2001ರಲ್ಲಿ ಆರಂಭವಾಗಿ 2005ರಲ್ಲಿ ಫಾಸ್ ಡಾಟ್ ಇನ್ ಎಂಬ ಹೆಸರು ಪಡೆಯಿತು. ಜರ್ಮನಿಯ ಹರಾಲ್ಡ್ ವೆಲ್ಟೆ ಅಲ್ಲಿಗೆ ಬಂದು ಮಾತಾಡಿದವರಲ್ಲಿ ಒಬ್ಬರು. ಲಿನಕ್ಸನ್ನು ತಮ್ಮ ಉಪಕರಣದೊಳಗೆ ಸೇರಿಸಿ, ಅದರ ಪರವಾನಗಿಯಾದ ಜಿಪಿಎಲ್‌ನ ಪಠ್ಯವನ್ನಾಗಲಿ ಸೋರ್ಸ್ ಕೋಡನ್ನಾಗಲಿ ಕೊಡದೆ ಮಾರುವ ಕಂಪನಿಗಳ ಬೆನ್ನು ಹತ್ತಿದವರು ಅವರು. 2004ರಲ್ಲಿ ಮ್ಯೂನಿಕ್‌ನ ನ್ಯಾಯಾಲಯ ಸೈಟ್‌ಕಾಮ್ ಎಂಬ ಕಂಪನಿಯ ವಿರುದ್ಧ ಅವರ ತಂಡಕ್ಕೆ ತಡೆಯಾಜ್ಞೆ ಕೊಟ್ಟಿತು. ಪರವಾನಗಿಯ ಪಠ್ಯವನ್ನು ಜೊತೆಗೆ ಕೊಡದೆ ಇರುವುದು ಸಣ್ಣ ಲೋಪವಲ್ಲ, ಅದರಿಂದ ಮಾರುವ ಹಕ್ಕೇ ತಪ್ಪಿಹೋಗಬಹುದು ಎಂಬುದು ಉದ್ಯಮಕ್ಕೆ ಅಂದು ಅರಿವಾಯಿತು.

ಬೆಂಗಳೂರು ತನ್ನದೇ ಒಂದು ಪರವಾನಗಿಯನ್ನೂ ಬರೆದಿತ್ತು ಎಂಬುದನ್ನು ಈಗ ನೆನೆಯುವವರು ವಿರಳ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್, ಬಡವರ ಕೈಗೆ ಎಟಕಬೇಕಾದ ಅಂಗೈಯಗಲದ ಗಣಕ. ಅದರ ಯಂತ್ರವಿನ್ಯಾಸವನ್ನು ಸಿಂಪ್ಯೂಟರ್ ಜನರಲ್ ಪಬ್ಲಿಕ್ ಲೈಸೆನ್ಸ್ ಎಂಬ ಹೊಸ ಪರವಾನಗಿಯಡಿ ಕೊಟ್ಟರು. ವಿನ್ಯಾಸವನ್ನು ಯಾರಾದರೂ ಸುಧಾರಿಸಿ ಮಾರಬಹುದು, ಆದರೆ ಒಂದು ವರ್ಷದೊಳಗೆ ಆ ಸುಧಾರಣೆಯನ್ನು ಸಿಂಪ್ಯೂಟರ್ ಟ್ರಸ್ಟಿಗೆ ಮರಳಿಸಬೇಕು. ಯಂತ್ರಾಂಶಕ್ಕೆ ಮುಕ್ತ ಪರವಾನಗಿ ಎಂಬ ಮಾತು ಜಗತ್ತಿನಲ್ಲೇ ಅಪರೂಪವಾಗಿದ್ದ ಕಾಲದಲ್ಲಿ ಇದು ನಡೆದದ್ದು. 2004ರಲ್ಲಿ ಬಿಇಎಲ್ ಜೊತೆ ಸೇರಿ ‘ಅಮಿಡಾ’ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು, ಆದರೆ ನಿಲ್ಲಲಿಲ್ಲ. ಉಳಿದದ್ದು ಅದಕ್ಕಾಗಿ ರಮೇಶ್ ಹರಿಹರನ್ ಆರಂಭಿಸಿದ, ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದುವ ‘ಧ್ವನಿ’ ಎಂಬ ತಂತ್ರಾಂಶ. ಅದು ಜಿಪಿಎಲ್ ಅಡಿಯಲ್ಲಿತ್ತು. ಹಾಗಾಗಿ ಯಂತ್ರ ಮರೆಯಾದ ಮೇಲೂ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಬೇರೆ ಭಾರತೀಯ ಭಾಷೆಗಳಿಗೂ ಹಬ್ಬಿಸಿದರು. ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ. ಅಪ್ಪಣೆ ಕೋಡಿನ ಜೊತೆಗೇ ಇತ್ತು.

ಫಾಂಟುಗಳಲ್ಲಿಯೂ ಇದೇ ನಡೆಯಿತು, ಇನ್ನಷ್ಟು ತೊಡಕಾಗಿ. ‘ಕೇದಗೆ’, ‘ಮಲ್ಲಿಗೆ’ ಎಂಬ ಎರಡು ಯೂನಿಕೋಡ್ ಫಾಂಟುಗಳು ಜಿಪಿಎಲ್ ಅಡಿಯಲ್ಲಿ ಬಂದು ಡೆಬಿಯನ್ ಲಿನಕ್ಸಿನ ಉಗ್ರಾಣ ಸೇರಿದವು. ಆದರೆ ಜಿಪಿಎಲ್ ಪ್ರೋಗ್ರಾಮುಗಳಿಗಾಗಿ ಬರೆದದ್ದು. ಒಂದು ಪಿಡಿಎಫ್ ಮಾಡಿದಾಗ ಅಕ್ಷರಗಳ ಆಕಾರ ಆ ಕಡತದೊಳಗೆ ಸೇರಿಹೋಗುತ್ತದಲ್ಲ, ಆಗ ಆ ಕಡತವೂ ಜಿಪಿಎಲ್ ಅಡಿಗೆ ಬಂದೀತೇ? ನಾಡಕಚೇರಿಯ ಪ್ರಮಾಣಪತ್ರ, ಕವಿಯೊಬ್ಬರ ಸಂಕಲನ, ಬ್ಯಾಂಕಿನ ನೋಟಿಸು ಎಲ್ಲಕ್ಕೂ ಅಂಟುವ ಪ್ರಶ್ನೆ ಇದು. ಕಡತದಲ್ಲಿ ಫಾಂಟ್ ಸೇರಿದ ಮಾತ್ರಕ್ಕೆ ಕಡತ ಜಿಪಿಎಲ್ ಆಗುವುದಿಲ್ಲವೆಂದು ಹೇಳುವ ಒಂದು ಹೆಚ್ಚುವರಿ ವಾಕ್ಯವನ್ನು ಫಾಂಟಿಗೆ ಸೇರಿಸುವುದು ಪರಿಹಾರವಾಯಿತು. ಆ ವಾಕ್ಯ ಕೆಲವು ಫಾಂಟುಗಳಲ್ಲಿ ಇರುತ್ತಿತ್ತು, ಕೆಲವುಗಳಲ್ಲಿ ಇರುತ್ತಿರಲಿಲ್ಲ.

ಗೊಂದಲ ಬಗೆಹರಿದದ್ದು ಓಪನ್ ಫಾಂಟ್ ಲೈಸೆನ್ಸ್ ಬಂದ ಮೇಲೆ. ಸಣ್ಣ ಸಣ್ಣ ಭಾಷೆಗಳಿಗೆ ಲಿಪಿ ಸಾಧನ ಮಾಡುವ ಎಸ್‌ಐಎಲ್ ಸಂಸ್ಥೆಯ ವಿಕ್ಟರ್ ಗಾಲ್ಟ್ನಿ ಮತ್ತು ನಿಕೊಲಾಸ್ ಸ್ಪಾಲಿಂಗರ್ ಇದನ್ನು ಬರೆದರು. ಈಗ ಬಳಕೆಯಲ್ಲಿರುವ 1.1ನೆಯ ಆವೃತ್ತಿ 2007ರ ಫೆಬ್ರುವರಿಯದು. ಈ ಫಾಂಟಿನಿಂದ ಮಾಡಿದ ಕಡತಗಳಿಗೆ ಪರವಾನಗಿ ಅಂಟುವುದಿಲ್ಲವೆಂದು ಅದು ನೇರವಾಗಿ ಹೇಳುತ್ತದೆ. ಅದರ ಎರಡನೆಯ ಷರತ್ತು ಇನ್ನೂ ಮುಖ್ಯ. ಫಾಂಟನ್ನು ಯಾವ ತಂತ್ರಾಂಶದ ಜೊತೆ ಬೇಕಾದರೂ ಸೇರಿಸಿ ಮಾರಬಹುದು, ಆದರೆ ಪ್ರತಿಯೊಂದು ಪ್ರತಿಯಲ್ಲೂ ಹಕ್ಕುಸ್ವಾಮ್ಯದ ಸಾಲು ಮತ್ತು ಪರವಾನಗಿ ಇರಲೇಬೇಕು: ಪ್ರತ್ಯೇಕ ಪಠ್ಯ ಕಡತವಾಗಿ ಇರಲಿ, ಫೈಲಿನ ತಲೆಯಲ್ಲಿ ಓದುವಂತೆ ಬರೆದಿರಲಿ, ಇಲ್ಲವೇ ಬಳಕೆದಾರರು ಸುಲಭವಾಗಿ ನೋಡಬಲ್ಲಂತೆ ಫಾಂಟಿನೊಳಗಿನ ಯಂತ್ರ ಓದುವ ಅಂಕಣಗಳಲ್ಲಿ ತುಂಬಿರಲಿ.

ಅಂಥ ಅಂಕಣಗಳು ಫಾಂಟಿನೊಳಗೆ ಮೊದಲಿಂದಲೂ ಇವೆ. ಟ್ರೂಟೈಪ್, ಓಪನ್‌ಟೈಪ್ ಫಾಂಟುಗಳಲ್ಲಿ ನೇಮ್ ಟೇಬಲ್ ಎಂಬ ಒಂದು ಪಟ್ಟಿಯಿದೆ. ಅದರ ಸೊನ್ನೆಯ ಅಂಕಣದಲ್ಲಿ ಹಕ್ಕುಸ್ವಾಮ್ಯ, ಒಂದರಲ್ಲಿ ಫಾಂಟಿನ ಹೆಸರು, ಒಂಬತ್ತರಲ್ಲಿ ವಿನ್ಯಾಸಕರ ಹೆಸರು, 13ರಲ್ಲಿ ಪರವಾನಗಿಯ ವಿವರಣೆ, 14ರಲ್ಲಿ ಪೂರ್ಣ ಪರವಾನಗಿ ಸಿಗುವ ವಿಳಾಸ. ವಿಂಡೋಸಿನಲ್ಲಿ ಫಾಂಟ್ ಫೈಲಿನ ಗುಣಲಕ್ಷಣಗಳನ್ನು ತೆರೆದು ಯಾರು ಬೇಕಾದರೂ ಇದನ್ನು ನೋಡಬಹುದು. ಇದಲ್ಲದೆ ಫಾಂಟನ್ನು ಕಡತದೊಳಗೆ ಹುದುಗಿಸಲು ಅನುಮತಿ ಇದೆಯೇ ಎಂದು ಹೇಳುವ ಇನ್ನೊಂದು ಸಂಖ್ಯೆಯೂ ಇದೆ. ಪಿಡಿಎಫ್ ಮಾಡುವಾಗ ‘ಈ ಫಾಂಟನ್ನು ಸೇರಿಸಲಾಗದು’ ಎಂಬ ತಕರಾರು ಕೆಲವೊಮ್ಮೆ ಬರುವುದು ಆ ಸಂಖ್ಯೆಯ ದೆಸೆಯಿಂದ.

ರೆಡ್ ಹ್ಯಾಟ್ ಕಂಪನಿಯ ‘ಲೋಹಿತ್’ ಸರಣಿ ಮೊದಲು ಜಿಪಿಎಲ್‌ನಲ್ಲಿದ್ದು 2011ರಲ್ಲಿ ಓಪನ್ ಫಾಂಟ್ ಲೈಸೆನ್ಸಿಗೆ ಬದಲಾಯಿತು. ಲೋಹಿತ್ ಕನ್ನಡವೂ ಅದರಲ್ಲಿ ಸೇರಿತ್ತು. ಗೂಗಲಿನ ನೋಟೋ ಮೊದಲು ಅಪಾಚೆ ಪರವಾನಗಿಯಲ್ಲಿದ್ದು 2015ರಲ್ಲಿ ಅದೇ ದಾರಿ ಹಿಡಿಯಿತು. ಅರವಿಂದ ವಿ. ಕೆ. ಅವರು ಕನ್ನಡಕ್ಕೆಂದೇ ‘ಗುಬ್ಬಿ’ಯನ್ನೂ ಕೈಬರಹದ ಚೆಲುವಿನ ‘ನವಿಲು’ ಫಾಂಟನ್ನೂ ಕೊಟ್ಟರು. ಈಚೆಗೆ ಏಕ್ ಟೈಪ್ ಬಳಗದ ‘ಬಲೂ ತಮ್ಮ’, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ ಕನ್ನಡಕ’ ಬಂದಿವೆ. ದಾವಣಗೆರೆಯವರು ಹೆಸರು ಕೇಳಿದೊಡನೆ ತಮ್ಮದೆನ್ನುವ ‘ಬೆಣ್ಣೆ’ ಎಂಬ ಫಾಂಟೂ ಗೂಗಲ್ ಫಾಂಟ್ಸ್‌ನಲ್ಲಿದೆ. ಹಿಂದೆ ಸೀಡಿಯಲ್ಲಿ ಕದ್ದುಮುಚ್ಚಿ ಓಡಾಡಿದ ಕನ್ನಡ ಅಕ್ಷರ ಈಗ ತಲೆಯೆತ್ತಿ ಓಡಾಡುತ್ತಿರುವುದಕ್ಕೆ ಈ ಪರವಾನಗಿಯೇ ಕಾರಣ. ಇದನ್ನು ಕನ್ನಡದ ಇತ್ತೀಚಿನ ಚರಿತ್ರೆಯ ಒಂದು ದೊಡ್ಡ ತಿರುವೆಂದು ಕರೆಯಲು ಹಿಂಜರಿಯಬೇಕಿಲ್ಲ.

ಹೆಸರು ಬರೆದರೆ ಎಷ್ಟು ದೂರ ಹೋಗುತ್ತದೆ, ಬರೆಯದಿದ್ದರೆ ಹೇಗೆ ಮಾಯವಾಗುತ್ತದೆ ಎನ್ನುವುದಕ್ಕೆ ಕೀಲಿಮಣೆಯ ಕಥೆಗಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಇಂದು ಕನ್ನಡಿಗರು ‘ನುಡಿ ಕೀಬೋರ್ಡ್’ ಎಂದು ಕರೆಯುವ ವಿನ್ಯಾಸ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಚಿಂತನೆ. ಇಂಗ್ಲಿಷಿನ ಕೀಲಿಗಳ ಮೇಲೆಯೇ ಉಚ್ಚಾರಣೆಗೆ ಹೊಂದುವಂತೆ ಕನ್ನಡದ ವ್ಯಂಜನ ಮತ್ತು ಸ್ವರಗಳನ್ನು ಅವರು ಕೂರಿಸಿದರು. ಕನ್ನಡ ಗಣಕ ಪರಿಷತ್ತು ಅದನ್ನು ನುಡಿಯಲ್ಲಿ ಅಳವಡಿಸಿತು, ರಾಜ್ಯ ಸರ್ಕಾರ ಅದನ್ನು ಒಪ್ಪಿತು. ಲಿನಕ್ಸಿಗೆ ಹೋದಾಗ ಆ ವಿನ್ಯಾಸಕ್ಕೆ ಪರಿಷತ್ತಿನ ಮೊದಲಕ್ಷರಗಳೇ ಹೆಸರಾದವು: ಕಗಪ. ಜಗತ್ತಿನ ಯಾವ ಮೂಲೆಯಲ್ಲಿ ಲಿನಕ್ಸ್ ಹಾಕಿದರೂ ಕೀಲಿಮಣೆಗಳ ಪಟ್ಟಿಯಲ್ಲಿ ‘ಕನ್ನಡ, ಕಗಪ, ಧ್ವನ್ಯಾತ್ಮಕ’ ಎಂಬುದು ಸಿಗುತ್ತದೆ. ಅಷ್ಟೇ ಅಲ್ಲ, ಹಿಂದಿಗೂ ಮರಾಠಿಗೂ ತೆಲುಗಿಗೂ ಸಂಸ್ಕೃತಕ್ಕೂ ಅದೇ ಕಗಪ ಹೆಸರಿನ ವಿನ್ಯಾಸಗಳಿವೆ. ಕನ್ನಡದ ಒಂದು ಸಂಸ್ಥೆಯ ಗುರುತು ಬೇರೆ ಭಾಷೆಯವರ ಗಣಕದಲ್ಲಿ ಹೀಗೆ ನಿಂತಿರುವುದು ಸಂತೋಷದ ಸಂಗತಿ. ಆದರೆ ಆ ಪಟ್ಟಿಯಲ್ಲಿ ಕೆ. ಪಿ. ರಾವ್ ಎಂಬ ಹೆಸರು ಕಾಣುವುದಿಲ್ಲ. ಅವರು ಕೇಳಿದವರಲ್ಲ, ಹಕ್ಕು ಕಟ್ಟಿಕೊಂಡವರಲ್ಲ. ಕೇಳದವರ ಹೆಸರನ್ನು ಬರೆದಿಡುವ ಹೊಣೆ ಬಳಸುವವರದು ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಇಂಥ ಹೆಸರನ್ನು ಅಳಿಸುವುದು ಈಗ ಬರೀ ಅಸೌಜನ್ಯವಲ್ಲ, ಅಪರಾಧವೂ ಆಗಬಹುದು. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ 65ಬಿ ಎಂಬ ಹೊಸ ಕಲಮನ್ನು ಸೇರಿಸಿತು. ಕೃತಿಯ ಶೀರ್ಷಿಕೆ, ಕರ್ತೃವಿನ ಹೆಸರು, ಹಕ್ಕುದಾರರ ಹೆಸರು ವಿಳಾಸ, ಬಳಕೆಯ ಷರತ್ತುಗಳು, ಇವನ್ನು ಸೂಚಿಸುವ ಸಂಖ್ಯೆ ಅಥವಾ ಸಂಕೇತ, ಇಷ್ಟನ್ನೂ ಹಕ್ಕು ನಿರ್ವಹಣಾ ಮಾಹಿತಿಯೆಂದು ಕಾಯ್ದೆ ಕರೆಯುತ್ತದೆ. ಅದನ್ನು ಅಧಿಕಾರವಿಲ್ಲದೆ, ತಿಳಿದೂ ತೆಗೆದುಹಾಕಿದರೆ ಅಥವಾ ತಿದ್ದಿದರೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ದಾನವನ್ನು ಅಳಿಸಿದವನಿಗೆ ಬೆಳಗುತ್ತಿಯ ಕಲ್ಲು ಹೇಳಿದ ಪಾಪ ಪರಲೋಕದ್ದು, ಇದು ಇಹಲೋಕದ್ದು.

ಆದರೂ ಮಾಹಿತಿ ಕಳೆದುಹೋಗುವುದು ಹೆಚ್ಚಾಗಿ ಕೇಡಿನಿಂದಲ್ಲ, ಯಂತ್ರದ ಅವಸರದಿಂದ. ಜಾಲತಾಣ ಬೇಗ ತೆರೆಯಲೆಂದು ಜಾವಾಸ್ಕ್ರಿಪ್ಟ್ ಕೋಡನ್ನು ಕುಗ್ಗಿಸುವ ಸಾಧನಗಳು ಅದರ ಟಿಪ್ಪಣಿಗಳನ್ನೆಲ್ಲ ಕಿತ್ತುಹಾಕುತ್ತವೆ. ಪರವಾನಗಿಯ ಸಾಲು ಬರೆದಿರುವುದು ಆ ಟಿಪ್ಪಣಿಯಲ್ಲೇ. ಅದಕ್ಕಾಗಿ ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗುವ ಟಿಪ್ಪಣಿಯನ್ನು ಮುಟ್ಟಬಾರದೆಂಬ ರೂಢಿ ಬೆಳೆಯಿತು. ಕನ್ನಡ ಫಾಂಟಿನ ಕಥೆಯೂ ಹೀಗೇ. ಒತ್ತಕ್ಷರಗಳಿಂದಾಗಿ ಕನ್ನಡದ ಫಾಂಟು ದೊಡ್ಡದು. ಅದನ್ನು ಹಗುರ ಮಾಡಲು ಬೇಡದ ಆಕಾರಗಳನ್ನು ತೆಗೆಯುವಾಗ, ಸಾಧನಕ್ಕೆ ಬೇರೆ ಹೇಳದಿದ್ದರೆ 13 ಮತ್ತು 14ನೆಯ ಅಂಕಣಗಳೂ ಹೊರಟುಹೋಗಬಹುದು. ಪರದೆಯ ಮೇಲೆ ಏನೂ ವ್ಯತ್ಯಾಸ ಕಾಣದು. ಷರತ್ತು ಮಾತ್ರ ಮುರಿದಿರುತ್ತದೆ.

ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ಇದನ್ನು ನೋಡಿಕೊಳ್ಳಲೆಂದೇ ಈಗ ಕಂಪ್ಲಯನ್ಸ್ ತಂಡಗಳಿವೆ. ಆ್ಯಪ್ ಕಟ್ಟುವಾಗಲೇ ಅದರ ಬಿಡಿಭಾಗಗಳ ಪರವಾನಗಿಗಳನ್ನು ಹೆಕ್ಕಿ ಒಂದು ಪುಟ ಮಾಡಿ ಒಳಗೆ ಸೇರಿಸುವ ಸಾಧನಗಳು ಆಂಡ್ರಾಯ್ಡಿಗೂ ಐಫೋನಿಗೂ ಇವೆ. ಒಂದೇ ಪರವಾನಗಿಯನ್ನು ಹತ್ತು ಜನ ಹತ್ತು ಬಗೆಯಲ್ಲಿ ಹೆಸರಿಸುತ್ತಿದ್ದ ತೊಂದರೆಗೆ ಲಿನಕ್ಸ್ ಫೌಂಡೇಶನ್ ಎಸ್‌ಪಿಡಿಎಕ್ಸ್ ಎಂಬ ಏಕರೂಪದ ಪಟ್ಟಿಯನ್ನು ತಂದಿತು. ಅದರ ಮೊದಲ ಆವೃತ್ತಿ 2011ರದು, 2021ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. 2017ರಿಂದ ಲಿನಕ್ಸ್ ಕರ್ನಲಿನ ಫೈಲುಗಳ ನೆತ್ತಿಯ ಮೇಲೆ ಆ ಪಟ್ಟಿಯ ಒಂದು ಸಾಲಿನ ಗುರುತು ಬರತೊಡಗಿತು.

2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಬಿಡಿಭಾಗದಲ್ಲಿ ಬಿರುಕು ಸಿಕ್ಕಾಗ, ಅದು ತಮ್ಮ ತಂತ್ರಾಂಶದೊಳಗೆ ಇದೆಯೋ ಇಲ್ಲವೋ ಎಂದೇ ಜಗತ್ತಿನ ಅನೇಕ ಸಂಸ್ಥೆಗಳಿಗೆ ತಿಳಿಯಲಿಲ್ಲ. ಬಿಡಿಭಾಗಗಳ ಪಟ್ಟಿ ಹೆಸರಿನ ಗೌರವಕ್ಕೆ ಮಾತ್ರವಲ್ಲ, ಸುರಕ್ಷತೆಗೂ ಬೇಕೆಂಬುದು ಎಲ್ಲರಿಗೂ ಮನವರಿಕೆಯಾದದ್ದು ಆಗ. ಭಾರತದ ಸರ್ಟ್-ಇನ್ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಈ ಪಟ್ಟಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು, ಮುಖ್ಯವಾಗಿ ಸರ್ಕಾರಿ ಇಲಾಖೆಗಳಿಗೆ, ಸಾರ್ವಜನಿಕ ವಲಯಕ್ಕೆ, ಅಗತ್ಯ ಸೇವೆಗಳಿಗೆ. ಅಮೆರಿಕ 2021ರಲ್ಲಿ ಗೊತ್ತುಮಾಡಿದ ಕನಿಷ್ಠ ವಿವರಗಳ ಪಟ್ಟಿಯಲ್ಲಿ ಪರವಾನಗಿಯ ಮಾತಿರಲಿಲ್ಲ. ಭಾರತದ ಪಟ್ಟಿಯಲ್ಲಿ ಪ್ರತಿ ಬಿಡಿಭಾಗದ ಪರವಾನಗಿಯೂ ಒಂದು ಅಂಕಣ. ಇದು ಸರಿಯಾದ ನಡೆ. ಪಹಣಿ, ಪಡಿತರ, ಪಿಂಚಣಿಗಳೆಲ್ಲ ಆ್ಯಪಿನ ಮೂಲಕ ಬರುತ್ತಿರುವಾಗ, ಆ ಆ್ಯಪಿನೊಳಗೆ ಯಾರ ಯಾರ ದುಡಿಮೆಯಿದೆಯೆಂದು ಸರ್ಕಾರ ಹೇಳಬಲ್ಲದಾಗಿರಬೇಕು.

ಒಂದು ಕೊರತೆ ಇದ್ದೇ ಇದೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೂ ಆ ಉದ್ದನೆಯ ಪುಟದ ಪರವಾನಗಿಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ. ಕಾನೂನಿನ ಬಲ ಮೂಲ ಪಠ್ಯಕ್ಕಷ್ಟೇ ಇರುವುದರಿಂದ ಅದನ್ನು ತೆಗೆಯುವಂತಿಲ್ಲ, ತೆಗೆಯಲೂ ಬಾರದು. ಆದರೆ ಮೂಲದ ಪಕ್ಕದಲ್ಲಿ ಕನ್ನಡದ ನಾಲ್ಕು ಸಾಲನ್ನು ಇಡಲು ಯಾವ ಅಡ್ಡಿಯೂ ಇಲ್ಲ. ಡಿಟಿಪಿ ಅಂಗಡಿಯವರು, ಶಾಲೆಯ ಮೇಷ್ಟ್ರು, ಗ್ರಾಮ ಪಂಚಾಯಿತಿಯ ಕಂಪ್ಯೂಟರ್ ಆಪರೇಟರು ಈ ಫಾಂಟನ್ನು ನಾನು ನಕಲು ಮಾಡಿ ಹಂಚಬಹುದೇ ಎಂದು ಕೇಳಿದರೆ ಉತ್ತರ ಅವರ ಭಾಷೆಯಲ್ಲಿ ಸಿಗಬೇಕು. ಫಾಂಟಿನ ನೇಮ್ ಟೇಬಲ್ ಇದಕ್ಕೆ ಮೊದಲೇ ಜಾಗ ಬಿಟ್ಟಿದೆ. ಅಲ್ಲಿ ಪ್ರತಿ ಅಂಕಣವನ್ನೂ ಹಲವು ಭಾಷೆಗಳಲ್ಲಿ ಬರೆಯಬಹುದು. ಭಾಷೆಗೊಂದು ಸಂಖ್ಯೆಯಿದೆ, ವಿಂಡೋಸಿನ ಪಟ್ಟಿಯಲ್ಲಿ ಕನ್ನಡದ್ದು 1099. 13ನೆಯ ಅಂಕಣದಲ್ಲಿ ಇಂಗ್ಲಿಷ್ ವಿವರಣೆಯನ್ನು ಹಾಗೆಯೇ ಇಟ್ಟು, ಅದರ ಕೆಳಗೆ 1099 ಎಂಬ ಗುರುತಿನಲ್ಲಿ ಕನ್ನಡದ ವಿವರಣೆಯನ್ನು ಸೇರಿಸುವುದು ಫಾಂಟ್ ತಿದ್ದುವ ತಂತ್ರಾಂಶ ಬಲ್ಲವರಿಗೆ ಅರ್ಧ ಗಂಟೆಯ ಕೆಲಸ. ಕನ್ನಡದ ಮುಕ್ತ ಫಾಂಟುಗಳ ಮುಂದಿನ ಆವೃತ್ತಿ ಮಾಡುವವರು ಇದನ್ನು ಕೈಗೆತ್ತಿಕೊಳ್ಳಬಹುದು. ಸರ್ಕಾರ ಹೊರತರುವ ಫಾಂಟುಗಳಿಗಂತೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇದನ್ನು ಟೆಂಡರಿನ ಷರತ್ತಾಗಿಯೇ ಬರೆಯಬಹುದು.